‘ತಪ್ಪಾಯಿತು’ ಎನ್ನುವುದಕ್ಕೂ ‘ತಪ್ಪು ಮಾಡಿದೆ’ ಎನ್ನುವುದಕ್ಕೂ

“ನಾವೆಲ್ಲ ಪಾಪಿಗಳೇ ಬಿಡಿ.” ಈ ಮಾತು ಕೇಳಿಸದ ಕ್ರೈಸ್ತ ಮನೆ ಸಿಗುವುದು ಕಷ್ಟ. ಬೇರೆಯವರ ತಪ್ಪಿನ ಸುದ್ದಿ ಬಂದಾಗ ಹೇಳುತ್ತೇವೆ, ನಮ್ಮ ತಪ್ಪು ಹೊರಗೆ ಬಿದ್ದಾಗ ಇನ್ನೂ ಬೇಗ ಹೇಳುತ್ತೇವೆ. ದೇವಶಾಸ್ತ್ರದ ಲೆಕ್ಕದಲ್ಲಿ ಮಾತು ಸರಿಯಾಗಿಯೇ ಇದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯ 23ನೇ ವಚನ ಹೇಳುವುದೂ ಅದನ್ನೇ. ಆದರೆ ಕೊನೆಯಲ್ಲಿ ಒಂದು ‘ಬಿಡಿ’ ಇದೆಯಲ್ಲ, ಅದು ಪೌಲನದಲ್ಲ, ನಾವು ಸೇರಿಸಿಕೊಂಡದ್ದು. ಊರಿನವರೆಲ್ಲ ಸಾಲಗಾರರಾಗಿಬಿಟ್ಟರೆ ಯಾರ ಮನೆಗೂ ನೋಟಿಸು ಬರುವುದಿಲ್ಲ ಎಂಬ ಧೈರ್ಯ ಆ ಒಂದು ಪದದಲ್ಲಿದೆ.

ಇವತ್ತಿನ ವಿಷಯ, ನಮಗೆ ರಕ್ಷಣೆ ಬೇಕು ಎಂಬುದನ್ನು ಒಪ್ಪಿಕೊಳ್ಳುವುದು. ರಕ್ಷಣೆ ಹೇಗೆ ದೊರೆಯುತ್ತದೆ ಎಂಬುದರ ಬಗ್ಗೆ ನೀವು ನೂರಾರು ಪ್ರಸಂಗ ಕೇಳಿದ್ದೀರಿ. ಅದಕ್ಕೆ ಮುಂಚಿನ ಮೆಟ್ಟಿಲಿನ ಬಗ್ಗೆ ಕೇಳುವುದು ಕಡಿಮೆ, ಏಕೆಂದರೆ ಅದನ್ನು ನಾವು ಆಗಲೇ ಹತ್ತಿದ್ದೇವೆ ಎಂದುಕೊಂಡಿದ್ದೇವೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನವರು ಜಾರುವುದು ಅಲ್ಲಿಯೇ.

ಮೊದಲು ಪದಗಳನ್ನು ನೋಡೋಣ. ‘ಪಾಪ’ ಎಂಬ ಪದ ಕನ್ನಡದಲ್ಲಿ ಬಹಳ ಮೆತ್ತಗಾಗಿದೆ. “ಅಯ್ಯೋ ಪಾಪ” ಎಂದರೆ ಮರುಕ. ತೊಟ್ಟಿಲಲ್ಲಿರುವುದು ಪಾಪು. ಹಾಗಾಗಿ ನಾನು ಪಾಪಿ ಎಂದುಕೊಳ್ಳುವಾಗಲೂ ನಮ್ಮೊಳಗೆ ಎಲ್ಲೋ ಒಂದು ಕಡೆ ನಮ್ಮ ಮೇಲೆ ನಮಗೇ ಕನಿಕರ ಹುಟ್ಟಿಬಿಡುತ್ತದೆ. ‘ಉದ್ಧಾರ’ದ ಕಥೆಯೂ ಅಷ್ಟೆ. ಕಥೋಲಿಕ ಸಭೆಯ ಕನ್ನಡದಲ್ಲಿ ಜೀವೋದ್ಧಾರ, ಲೋಕೋದ್ಧಾರಕ ಎಂಬ ಘನವಾದ ಮಾತುಗಳಿವೆ. ಮನೆಯಲ್ಲಿ ಮಾತ್ರ ಆ ಪದ ಬಳಕೆಯಾಗುವುದು “ನೀನು ಉದ್ಧಾರ ಆಗಲ್ಲ” ಎಂದು ಬೈಯುವುದಕ್ಕೆ. ಪ್ರೊಟೆಸ್ಟೆಂಟ್ ಸಭೆಗಳ ‘ರಕ್ಷಣೆ’ ಸ್ವಲ್ಪ ಗಟ್ಟಿಯಾಗಿ ಉಳಿದುಕೊಂಡಿದೆ, ಅದಕ್ಕೆ ದಿನಪತ್ರಿಕೆಗಳಿಗೆ ವಂದನೆ ಹೇಳಬೇಕು. ಕೊಳವೆಬಾವಿಗೆ ಬಿದ್ದ ಮಗುವಿನ ರಕ್ಷಣೆ ಎಂದು ಓದುತ್ತೀರಿ. ಆ ಕೆಲಸ ಹೇಗೆ ನಡೆಯುತ್ತದೆ ನೆನಪಿಸಿಕೊಳ್ಳಿ. ಮೇಲಿನಿಂದ ಆಮ್ಲಜನಕದ ಕೊಳವೆ ಇಳಿಸುತ್ತಾರೆ, ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡುತ್ತಾರೆ, ಅಲ್ಲಿಂದ ಅಡ್ಡಲಾಗಿ ಕೊರೆದುಕೊಂಡು ಹೋಗುತ್ತಾರೆ. ಒಳಗಿರುವ ಮಗು ಈ ಕೆಲಸದಲ್ಲಿ ಅರ್ಧ ಪಾಲು ತೆಗೆದುಕೊಳ್ಳುವುದಿಲ್ಲ. ಹೊಸ ಒಡಂಬಡಿಕೆಯಲ್ಲಿ ಈ ಪದದ ಗ್ರೀಕ್ ಮೂಲ ‘ಸೋಜೋ’. ಮುಳುಗುತ್ತಿದ್ದ ಪೇತ್ರ ಕೂಗಿದ್ದು ಅದೇ ಪದದಲ್ಲಿ, ಅಲ್ಲಿ ನಮ್ಮ ಬೈಬಲ್ ‘ಕಾಪಾಡು’ ಎನ್ನುತ್ತದೆ. ರಕ್ತಸ್ರಾವವಿದ್ದ ಹೆಂಗಸಿಗೆ ಯೇಸು ಹೇಳಿದ್ದೂ ಅದೇ ಪದ, ಅಲ್ಲಿ ‘ಸ್ವಸ್ಥಮಾಡಿತು’ ಎಂದಿದೆ. ಸುಂಕದ ಜಕ್ಕಾಯನ ಮನೆಗೆ ಬಂದದ್ದು ಅದೇ ಧಾತುವಿನ ನಾಮಪದ, ಅಲ್ಲಿ ‘ರಕ್ಷಣೆ’. ಒಂದೇ ಬೇರು, ಕನ್ನಡದಲ್ಲಿ ಮೂರು ಕೊಂಬೆ. ಮೂರು ಕಡೆಯಲ್ಲೂ ಕೇಳಿದವರಿಗೆ ತಾವು ಎಲ್ಲಿದ್ದೇವೆ ಎಂಬುದು ಗೊತ್ತಿತ್ತು. ನೀರು ಕುತ್ತಿಗೆಗೆ ಬಂದವನಿಗೆ ಪ್ರಾರ್ಥನೆಯ ಪುಸ್ತಕ ಬೇಕಾಗಲಿಲ್ಲ. “ಸ್ವಾಮೀ, ನನ್ನನ್ನು ಕಾಪಾಡು” ಎಂಬುದು ಗ್ರೀಕಿನಲ್ಲೂ ಮೂರೇ ಪದ.

ನೀರು ಕುತ್ತಿಗೆಗೆ ಬಂದಿದೆ ಎಂಬುದೇ ತಿಳಿಯದಿದ್ದರೆ ಏನಾಗುತ್ತದೆ? ಅದಕ್ಕೆ ಒಂದು ಊರು ಇದೆ.

ಲವೊದಿಕೀಯ. ಈಗಿನ ಟರ್ಕಿಯ ಡೆನಿಜ್ಲಿ ನಗರದ ಪಕ್ಕದಲ್ಲಿ ಅದರ ಅವಶೇಷಗಳಿವೆ. ಪ್ರಕಟನೆ ಪುಸ್ತಕದ ಏಳು ಸಭೆಗಳಲ್ಲಿ ಕೊನೆಯದು. ಕ್ರಿ.ಶ. 60ರಲ್ಲಿ ಭೂಕಂಪವಾಗಿ ಊರು ಕುಸಿಯಿತು. ರೋಮಿನ ಇತಿಹಾಸಕಾರ ಟಾಸಿಟಸ್ ಅದರ ಬಗ್ಗೆ ಒಂದು ಸಾಲು ಬರೆದಿಟ್ಟಿದ್ದಾನೆ: ರೋಮಿನ ನೆರವಿಲ್ಲದೆ ತನ್ನ ಸ್ವಂತ ಸಂಪತ್ತಿನಿಂದಲೇ ಆ ಊರು ಎದ್ದು ನಿಂತಿತು. ಎಂಥ ಹೆಮ್ಮೆಯ ಸಂಗತಿ ಯೋಚಿಸಿ. ಪರಿಹಾರಕ್ಕೆ ಅರ್ಜಿ ಹಾಕದ ಊರು! ಅಲ್ಲಿ ಹಣದ ವ್ಯವಹಾರ ಜೋರಾಗಿತ್ತು. ಸುತ್ತಲಿನ ಕುರಿಗಳ ಕರಿ ಉಣ್ಣೆಗೆ ಹೆಸರಾಗಿತ್ತು. ಆ ಸೀಮೆಯ ಕಣ್ಣಿನ ಔಷಧಿಗೂ ಹೆಸರಿತ್ತು. ಈಗ ಪ್ರಕಟನೆ 3ನೇ ಅಧ್ಯಾಯ ತೆಗೆದು 17, 18ನೇ ವಚನ ಓದಿ. “ಐಶ್ವರ್ಯವಂತನು, ಒಂದರಲ್ಲಿಯೂ ಕೊರತೆಯಿಲ್ಲದವನು” ಎಂದು ಹೇಳಿಕೊಳ್ಳುವ ಸಭೆಗೆ ಕರ್ತನು ಏನು ಕೊಂಡುಕೊಳ್ಳಲು ಹೇಳುತ್ತಾನೆ? ಬಂಗಾರ, ಬಿಳೀ ಬಟ್ಟೆ, ಕಣ್ಣಿಗೆ ಹಚ್ಚಿಕೊಳ್ಳುವ ಅಂಜನ. ಹಣದ ಊರಿಗೆ ನೀನು ದರಿದ್ರ, ಕರಿ ಉಣ್ಣೆಯ ಊರಿಗೆ ನೀನು ಬೆತ್ತಲೆ, ಕಣ್ಣೌಷಧಿಯ ಊರಿಗೆ ನೀನು ಕುರುಡ. ಒಂದೊಂದು ಪೆಟ್ಟೂ ಅವರು ಎದೆಯುಬ್ಬಿಸುತ್ತಿದ್ದ ಜಾಗಕ್ಕೇ ಬಿತ್ತು.

ನೀನು ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಉಗುರು ಬೆಚ್ಚಗಿದ್ದೀ ಎಂಬ ಮಾತೂ ಅದೇ ಸಭೆಗೆ ಹೇಳಿದ್ದು. ಸುಮಾರು 10 ಕಿಲೋಮೀಟರ್ ದೂರದ ಹಿಯರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು, ಈಗಲೂ ಇವೆ, ಪಾಮುಕ್ಕಲೆ ಎಂದು ಪ್ರವಾಸಿಗರು ಹೋಗುತ್ತಾರೆ. ಇನ್ನೊಂದು ಕಡೆ ಕೊಲೊಸ್ಸೆಯಲ್ಲಿ ತಣ್ಣನೆಯ ನೀರು. ಲವೊದಿಕೀಯಕ್ಕೆ ಮಾತ್ರ ನೀರು ಹೊರಗಿನಿಂದ ಕಲ್ಲಿನ ಕೊಳವೆಗಳಲ್ಲಿ ಬರಬೇಕಿತ್ತು. ಆ ಕೊಳವೆಗಳ ತುಂಡುಗಳು ಇವತ್ತಿಗೂ ಅಲ್ಲಿ ಬಿದ್ದಿವೆ. ಒಳಗೆ ಸುಣ್ಣ ಪದರ ಪದರವಾಗಿ ಕಟ್ಟಿ ಕಿಂಡಿ ಕಿರಿದಾಗಿರುವುದನ್ನು ನೋಡಬಹುದು. ನಮ್ಮ ಕಡೆ ಬೋರ್‌ವೆಲ್ ನೀರಿನ ಗೀಸರ್ ಬಿಚ್ಚಿ ನೋಡಿದವರಿಗೆ ಇದು ಹೊಸದಲ್ಲ. ಕೊಳವೆ ಒಂದೇ ದಿನ ಕಟ್ಟಿಕೊಳ್ಳುವುದಿಲ್ಲ. ನೀರು ಬರುತ್ತಲೇ ಇರುತ್ತದೆ, ಆದ್ದರಿಂದ ಯಾರೂ ಬಿಚ್ಚಿ ನೋಡುವುದಿಲ್ಲ. ಪ್ರತಿ ಭಾನುವಾರ ಆರಾಧನೆಗೆ ಬರುವ, ದಶಮಾಂಶ ಕೊಡುವ, ಮಕ್ಕಳನ್ನು ಸಂಡೇ ಸ್ಕೂಲಿಗೆ ಕಳುಹಿಸುವ ಮೂರನೇ ತಲೆಮಾರಿನ ಕ್ರೈಸ್ತ ಮನೆತನಕ್ಕೆ ಅಪಾಯ ಇರುವುದು ಇಂಥ ಕಡೆ. ಅವರ ಪ್ರಾರ್ಥನೆಯ ಚೀಟಿಗಳಲ್ಲಿ ವೀಸಾ ಇರುತ್ತದೆ, ಸೈಟು ಇರುತ್ತದೆ, ಆಪರೇಶನ್ ಇರುತ್ತದೆ. ಅವೆಲ್ಲ ಕೇಳಬೇಕಾದವೇ. “ನನ್ನನ್ನು ರಕ್ಷಿಸು” ಎಂಬ ಚೀಟಿ ಮಾತ್ರ ಪೆಟ್ಟಿಗೆಯಲ್ಲಿ ಇರುವುದಿಲ್ಲ. “ನಾನು ಬಾಗಲಲ್ಲಿ ನಿಂತುಕೊಂಡು ತಟ್ಟುತ್ತಾ ಇದ್ದೇನೆ” ಎಂಬ ವಚನವನ್ನು ನಾವು ಹೊರಗಿನವರಿಗೆ ಹಂಚುವ ಕರಪತ್ರದಲ್ಲಿ ಅಚ್ಚು ಹಾಕಿಸುತ್ತೇವೆ. ಅದು ಬರೆದದ್ದು ಈ ಸಭೆಗೆ. ಬಾಗಿಲು ಸಭೆಯದು, ಆತನು ಹೊರಗಿದ್ದ.

ಈಗ ಲೂಕ 18. ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದ ಒಬ್ಬ ಫರಿಸಾಯ ಮತ್ತು ಒಬ್ಬ ಸುಂಕದವನು ಪ್ರಾರ್ಥನೆಗೆ ದೇವಾಲಯಕ್ಕೆ ಹೋಗುತ್ತಾರೆ. ಈ ಸಾಮ್ಯವನ್ನು ಓದುವಾಗ ನಾವು ಫರಿಸಾಯನನ್ನು ನಾಟಕದ ಖಳನನ್ನಾಗಿ ಮಾಡಿಬಿಡುತ್ತೇವೆ. ಹಾಗೆ ಮಾಡಿದರೆ ಕಥೆ ಹಾಳಾಗುತ್ತದೆ. ನಾನು ಈ ಸುಂಕದವನಂಥವನಲ್ಲ, ಉಪವಾಸ ಮಾಡುತ್ತೇನೆ, ಹತ್ತನೆಯ ಪಾಲು ಕೊಡುತ್ತೇನೆ ಎಂದು ಆತ ಹೇಳಿದ್ದರಲ್ಲಿ ಸುಳ್ಳು ಇಲ್ಲ. ಲೆಕ್ಕ ಹಾಕಿ: ಮೋಶೆಯ ಧರ್ಮಶಾಸ್ತ್ರದಲ್ಲಿ ಎಲ್ಲರಿಗೂ ವಿಧಿಸಿದ ಉಪವಾಸದ ದಿನ ವರ್ಷಕ್ಕೆ ಒಂದು, ದೋಷಪರಿಹಾರಕ ದಿನ. ಈತ ವಾರಕ್ಕೆ ಎರಡು, ಅಂದರೆ ವರ್ಷಕ್ಕೆ 104. ಬೆಳೆಯಲ್ಲಿ ಹತ್ತನೆಯ ಪಾಲು ಕೊಡಬೇಕಿತ್ತು, ಈತ ಸಂಪಾದಿಸಿದ್ದೆಲ್ಲದರಲ್ಲೂ ಕೊಡುತ್ತಿದ್ದ. ಇಂಥವರು ನಮ್ಮ ಸಭೆಯಲ್ಲಿದ್ದರೆ ಖಜಾಂಚಿ ಮಾಡುತ್ತೇವೆ, ಮಾಡಬೇಕು ಕೂಡ.

ಇನ್ನೊಬ್ಬನ ವಿಷಯ. ಸುಂಕದವರ ಬಗ್ಗೆ ಕನ್ನಡದ ಗಾದೆಯೇ ಇದೆ, ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ. ಯೂದಾಯದಲ್ಲೂ ಅದೇ ಅನುಭವ. ಸುಂಕ ವಸೂಲಿ ಗುತ್ತಿಗೆಯ ಮೇಲೆ ನಡೆಯುತ್ತಿತ್ತು. ಹೇಳಿದ ಮೊತ್ತ ಮೇಲಿನವರಿಗೆ ಮುಟ್ಟಿಸಿದರೆ ಸಾಕು, ಜನರಿಂದ ಎಷ್ಟು ಹಿಂಡಿದ ಎಂದು ಕೇಳುವವರಿಲ್ಲ. ಈ ಮನುಷ್ಯ ದೂರದಲ್ಲಿ ನಿಂತು ಎದೆ ಬಡಿದುಕೊಂಡು, “ದೇವರೇ, ಪಾಪಿಯಾದ ನನ್ನನ್ನು ಕರುಣಿಸು” ಎಂದ.

ಗ್ರೀಕಿನಲ್ಲಿ ಇದು ಆರು ಪದ. ಅದರಲ್ಲಿ ಎರಡು ಸೂಕ್ಷ್ಮಗಳು ಕನ್ನಡಕ್ಕೆ ಪೂರ್ತಿ ಇಳಿದಿಲ್ಲ. ಒಂದು, ಆತ ತನ್ನನ್ನು ‘ಒಬ್ಬ ಪಾಪಿ’ ಎನ್ನುವುದಿಲ್ಲ. ಅಲ್ಲಿ ನಿರ್ದಿಷ್ಟವಾಗಿ ‘ಆ ಪಾಪಿ’ ಎಂದಿದೆ. ಕೋಣೆಯಲ್ಲಿ ಒಬ್ಬನೇ ಪಾಪಿ ಇದ್ದಾನೆ, ಅದು ನಾನು, ಎನ್ನುವ ಹಾಗೆ. “ನಾವೆಲ್ಲ ಪಾಪಿಗಳೇ ಬಿಡಿ” ಎಂಬುದಕ್ಕೆ ಇದು ನೇರ ಎದುರು. ಎರಡು, ‘ಕರುಣಿಸು’ ಎಂದು ಅನುವಾದವಾಗಿರುವ ಕ್ರಿಯಾಪದ ಸಾಮಾನ್ಯವಾದ ಕರುಣೆಯ ಪದವಲ್ಲ. ಒಡಂಬಡಿಕೆಯ ಮಂಜೂಷದ ಮೇಲಿನ ಕೃಪಾಸನಕ್ಕೆ ಯಾವ ಪದವೋ ಅದೇ ಬೇರಿನದು. ವರ್ಷಕ್ಕೊಮ್ಮೆ ಮಹಾಯಾಜಕನು ಯಜ್ಞದ ರಕ್ತ ಚಿಮುಕಿಸುತ್ತಿದ್ದ ಜಾಗ ಅದು. ಆತ ಬೇಡಿದ್ದು ಕನಿಕರದ ಒಂದು ನೋಟವನ್ನಷ್ಟೇ ಅಲ್ಲ. ಪಾಪಕ್ಕೆ ಪರಿಹಾರವಾಗಬೇಕು, ಅದನ್ನು ನೀನೇ ಮಾಡಬೇಕು, ಎಂದು. ದೇವಾಲಯದಲ್ಲಿ ಪ್ರತಿದಿನ ಬೆಳಿಗ್ಗೆಯೂ ಸಂಜೆಯೂ ಒಂದೊಂದು ಕುರಿಮರಿಯ ಹೋಮ ಆಗುತ್ತಿತ್ತು. ಅದರ ಮುಂದೆ ನಿಂತು ಆ ಮಾತು ಹೇಳಿದ್ದಾನೆ ಎಂದುಕೊಂಡು ಮತ್ತೊಮ್ಮೆ ಓದಿ ನೋಡಿ.

ಫರಿಸಾಯನ ಅಳತೆಗೋಲು ಪಕ್ಕದವನು. ಪಕ್ಕದವನ ಜೊತೆ ಹೋಲಿಸಿದಾಗ ಸಿಕ್ಕ ಉತ್ತರ ಸರಿಯಾಗಿಯೇ ಇತ್ತು. ಅಳತೆಗೋಲೇ ಬೇರೆಯಾಗಿತ್ತು ಅಷ್ಟೆ.

ಸರಿಯಾದ ಅಳತೆ ಯಾವುದು? ಇಲ್ಲಿ ಬಹುಶಃ ನಿಮ್ಮಲ್ಲಿ ಅರ್ಧದಷ್ಟು ಜನಕ್ಕೆ ಗೊತ್ತಿರುವ ಒಂದು ಉದಾಹರಣೆ ತೆಗೆದುಕೊಳ್ಳುತ್ತೇನೆ. ಶುಗರ್. ಡಾಕ್ಟರು ಖಾಲಿ ಹೊಟ್ಟೆಯ ರಕ್ತಪರೀಕ್ಷೆ ಬರೆದುಕೊಟ್ಟರೆ ನಾವು ಏನು ಮಾಡುತ್ತೇವೆ? ಎರಡು ದಿನ ಮುಂಚಿನಿಂದ ಅನ್ನ ಬಿಟ್ಟು ಮುದ್ದೆ, ಚಪಾತಿ; ಸಂಜೆ ವಾಕಿಂಗ್; ಮದುವೆಮನೆಯ ಹೋಳಿಗೆಯನ್ನು ದೂರದಿಂದಲೇ ನೋಡುವುದು. ರಿಪೋರ್ಟು ಚೆನ್ನಾಗಿ ಬರುತ್ತದೆ. ಅದಕ್ಕೇ ಡಾಕ್ಟರು ಎಚ್‌ಬಿಎ1ಸಿ ಎಂಬ ಇನ್ನೊಂದನ್ನು ಬರೆಯುತ್ತಾರೆ. ಕೆಂಪು ರಕ್ತಕಣಕ್ಕೆ ಸುಮಾರು 120 ದಿನ ಆಯುಸ್ಸು. ಅಷ್ಟು ದಿನವೂ ಅದಕ್ಕೆ ಸಕ್ಕರೆ ಅಂಟುತ್ತಾ ಹೋಗಿರುತ್ತದೆ. ಹಾಗಾಗಿ ಅದು ಹೆಚ್ಚುಕಡಿಮೆ ಮೂರು ತಿಂಗಳ ಸರಾಸರಿಯನ್ನು ಹೇಳಿಬಿಡುತ್ತದೆ, 6.5 ಮತ್ತು ಅದಕ್ಕಿಂತ ಮೇಲೆ ಬಂದರೆ ಸಕ್ಕರೆ ಕಾಯಿಲೆಯ ಲೆಕ್ಕ. ಎರಡು ದಿನದ ಮುದ್ದೆ ಅಲ್ಲಿ ಕೆಲಸ ಮಾಡುವುದಿಲ್ಲ.

ಹತ್ತು ಆಜ್ಞೆಗಳನ್ನು ನಾವು ಸಾಮಾನ್ಯವಾಗಿ ಮೊದಲನೆಯ ಪರೀಕ್ಷೆಯ ಹಾಗೆ ಓದುತ್ತೇವೆ. ಕೊಲೆ? ಇಲ್ಲ. ಕಳವು? ಇಲ್ಲ. ವ್ಯಭಿಚಾರ? ಇಲ್ಲ. ರಿಪೋರ್ಟು ನಾರ್ಮಲ್. ಮತ್ತಾಯ 5ರಲ್ಲಿ ಯೇಸು ಅದೇ ಆಜ್ಞೆಗಳನ್ನು ಎರಡನೆಯ ಪರೀಕ್ಷೆಗೆ ಹಾಕುತ್ತಾನೆ. ಸಹೋದರನ ಮೇಲಿನ ಸಿಟ್ಟು, ಮೂರ್ಖ ಎಂಬ ಬೈಗುಳ, ಕಣ್ಣಿನ ನೋಟ. ಪೌಲನೇ ಇದಕ್ಕೆ ಸಾಕ್ಷಿ. ಫಿಲಿಪ್ಪಿಯವರಿಗೆ ಬರೆಯುವಾಗ, ಧರ್ಮಶಾಸ್ತ್ರದ ವಿಷಯದಲ್ಲಿ ನಾನು ನಿರ್ದೋಷಿಯಾಗಿದ್ದೆ ಎಂದು ಹಳೆಯ ರಿಪೋರ್ಟನ್ನು ತೋರಿಸುತ್ತಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 7ನೇ ಅಧ್ಯಾಯದಲ್ಲಿ ತನ್ನನ್ನು ಹಿಡಿದುಹಾಕಿದ ಆಜ್ಞೆ ಯಾವುದೆಂದು ಹೇಳುತ್ತಾನೆ: ಹತ್ತನೆಯದು, “ಆಶಿಸಬಾರದು.” ಹತ್ತರಲ್ಲಿ ಅದೊಂದಕ್ಕೆ ಹೊರಗಿನ ಸಾಕ್ಷಿ ಯಾರೂ ಸಿಗುವುದಿಲ್ಲ.

ಒಂದು ಮಾತು ಇಲ್ಲಿ ತಪ್ಪಬಾರದು. ಧರ್ಮಶಾಸ್ತ್ರ ಪರೀಕ್ಷೆ, ಚಿಕಿತ್ಸೆಯಲ್ಲ. ರೋಮಾ 3:20 ಅದರಿಂದ ಪಾಪದ ಅರುಹು ಹುಟ್ಟುತ್ತದೆ ಎನ್ನುತ್ತದೆ, ಪಾಪ ಹೋಗುತ್ತದೆ ಎನ್ನುವುದಿಲ್ಲ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮೇಲೆ ಇನ್ನೂ ಕಟ್ಟುನಿಟ್ಟಾಗಿ ಆಜ್ಞೆ ಪಾಲಿಸಿ ಸರಿಮಾಡಿಕೊಳ್ಳುತ್ತೇನೆ ಎಂದು ಹೊರಡುವವರಿದ್ದಾರೆ, ಒಳ್ಳೆಯ ಜನ. ಗ್ಲುಕೋಮೀಟರಿನ ಪಟ್ಟಿಯನ್ನು ದಿನಕ್ಕೆ ಎರಡರಂತೆ ನುಂಗಿದರೆ ಶುಗರ್ ಇಳಿಯುತ್ತದೆಯೆ? ಐದನೆಯ ಶತಮಾನದ ಆರಂಭದಲ್ಲಿ ಪೆಲೇಜಿಯಸ್ ಎಂಬ ಸಂನ್ಯಾಸಿಗೂ ಸಭಾಧ್ಯಕ್ಷ ಅಗಸ್ಟೀನನಿಗೂ ನಡೆದ ವಾದದ ತಿರುಳು ಇದೇ. ಪೆಲೇಜಿಯಸ್ ಕೆಟ್ಟವನೇನಲ್ಲ. “ನಾವು ದುರ್ಬಲರು, ಏನು ಮಾಡಲಿಕ್ಕಾಗುತ್ತದೆ” ಎನ್ನುತ್ತಾ ರೋಮಿನ ಕ್ರೈಸ್ತರು ಸಡಿಲವಾಗಿ ಬದುಕುತ್ತಿದ್ದುದು ಆತನಿಗೆ ಸಹಿಸಲಿಲ್ಲ. ಅದಕ್ಕೆ ಆತ ಕೊಟ್ಟ ಉತ್ತರ, ಮನಸ್ಸು ಮಾಡಿದರೆ ಮನುಷ್ಯನಿಗೆ ಆಗುತ್ತದೆ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಸಭಾಧ್ಯಕ್ಷರ ಕೂಟ ಆ ಉತ್ತರವನ್ನು ತಳ್ಳಿಹಾಕಿತು. ಆತ ಎತ್ತಿದ ಸಮಸ್ಯೆ ಮಾತ್ರ ಈಗಲೂ ಇದೆ ಅನ್ನಿ.

ಇನ್ನು ವ್ಯಾಕರಣಕ್ಕೆ ಬರುತ್ತೇನೆ. ನಗಬೇಡಿ, ಇವತ್ತಿನ ಮುಖ್ಯ ವಿಷಯ ಇದೇ. ಕನ್ನಡದಲ್ಲಿ ಕ್ಷಮೆ ಕೇಳಬೇಕಾದಾಗ ನಮ್ಮ ಬಾಯಿಗೆ ಬರುವುದು ಯಾವ ಮಾತು? “ತಪ್ಪಾಯಿತು.” ಇದರಲ್ಲಿ ಕರ್ತೃ ಎಲ್ಲಿದ್ದಾನೆ? ಮಳೆ ಆಯಿತು, ಸಂಜೆ ಆಯಿತು, ತಪ್ಪಾಯಿತು. “ಬಾಯಿ ತಪ್ಪಿ ಬಂತು.” “ಕೈ ಎತ್ತುವ ಹಾಗಾಯಿತು.” “ದುಡ್ಡು ಖರ್ಚಾಗಿಹೋಯಿತು.” ಮರ್ಯಾದೆಯ ಮಾತಾಗಿ ಇದರಲ್ಲಿ ದೋಷವಿಲ್ಲ, ಬಸ್ಸಿನಲ್ಲಿ ಕಾಲು ತುಳಿದರೆ ಇಷ್ಟು ಸಾಕು. ದೇವರ ಮುಂದೆ ನಿಂತಾಗ ಈ ‘ಆಯಿತು’ ನಮ್ಮನ್ನು ಸದ್ದಿಲ್ಲದೆ ಹಿಂದಿನ ಬಾಗಿಲಿನಿಂದ ಹೊರಗೆ ಕಳುಹಿಸಿಬಿಡುತ್ತದೆ.

ಬೈಬಲಿನಲ್ಲಿ ಈ ವ್ಯಾಕರಣದ ಮಹಾಪಂಡಿತ ಮೋಶೆಯ ಅಣ್ಣ ಆರೋನ. ವಿಮೋಚನಕಾಂಡ 32ನೇ ಅಧ್ಯಾಯ. 4ನೇ ವಚನದಲ್ಲಿ ಆತ ಜನರ ಚಿನ್ನದ ಮುರುವುಗಳನ್ನು ಇಸುಕೊಂಡು ಉಪಕರಣ ಹಿಡಿದು ಹೋರಿಕರುವಿನ ರೂಪ ಕೊಡುತ್ತಾನೆ. ಅದೇ ಅಧ್ಯಾಯದ 24ನೇ ವಚನದಲ್ಲಿ ಮೋಶೆ ಬಂದು ವಿಚಾರಿಸಿದಾಗ ಏನು ಹೇಳುತ್ತಾನೆ? ಚಿನ್ನವನ್ನು ಬೆಂಕಿಯಲ್ಲಿ ಹಾಕಿದೆ, ಈ ಹೋರಿಕರು ಹೊರಗೆ ಬಂತು! ಇಪ್ಪತ್ತು ವಚನಗಳ ಅಂತರದಲ್ಲಿ ‘ಮಾಡಿದೆ’ ಹೋಗಿ ‘ಬಂತು’ ಆಯಿತು.

‘ಮಾಡಿದೆ’ ಎಂದು ಹೇಳಿಬಿಟ್ಟರೂ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. “ನಾನು ಪಾಪಮಾಡಿದ್ದೇನೆ” ಎಂಬ ವಾಕ್ಯವನ್ನು ಬೈಬಲಿನಲ್ಲಿ ಯಾರು ಯಾರು ಹೇಳಿದ್ದಾರೆ ಹುಡುಕಿ ನೋಡಿ, ಅಚ್ಚರಿಯಾಗುತ್ತದೆ. ಫರೋಹ ಹೇಳಿದ್ದಾನೆ, ಎರಡು ಸಲ. ಆನೆಕಲ್ಲಿನ ಮಳೆ ನಿಂತ ಕೂಡಲೇ ಮಾತು ಹಿಂದಕ್ಕೆ ಹೋಯಿತು. ಬಿಳಾಮ ಹೇಳಿದ್ದಾನೆ. ಯೇಸುವನ್ನು ಹಿಡುಕೊಟ್ಟ ಯೂದ ಹೇಳಿದ್ದಾನೆ. ಅರಸ ಸೌಲ ಹೇಳಿದ್ದಾನೆ, ಆತನದು ಬಹಳ ಕಲಿಸುವ ಪ್ರಕರಣ. 1 ಸಮುವೇಲ 15. ಎಲ್ಲವನ್ನೂ ನಾಶಮಾಡು ಎಂಬ ಆಜ್ಞೆಯಿದ್ದರೂ ಅಮಾಲೇಕ್ಯರ ಒಳ್ಳೆಯ ಕುರಿದನಗಳನ್ನು ಉಳಿಸಿಕೊಂಡ ವಿಷಯ ಬಂದಾಗ ಮೊದಲು, ದೇವರ ಆಜ್ಞೆ ನೆರವೇರಿಸಿದ್ದೇನೆ ಎನ್ನುತ್ತಾನೆ. ಕುರಿಗಳ ಕೂಗು ಕೇಳುತ್ತಿದೆಯಲ್ಲ ಎಂದು ಪ್ರವಾದಿ ಸಮುವೇಲ ಕೇಳಿದರೆ, ಜನರು ಉಳಿಸಿದರು, ಅದೂ ಯಜ್ಞಕ್ಕೆ ಎನ್ನುತ್ತಾನೆ. ಇನ್ನೂ ಒತ್ತಿದಾಗ, ಪಾಪಮಾಡಿದ್ದೇನೆ, ಜನರಿಗೆ ಹೆದರಿದೆ. ಕೊನೆಗೆ 30ನೇ ವಚನ: ಪಾಪಮಾಡಿದ್ದೇನೆ, ಆದರೂ ಹಿರಿಯರ ಮುಂದೆ ನನ್ನ ಮಾನ ಉಳಿಸು. ಆತನಿಗೆ ಬೇಕಾಗಿದ್ದು ಪಾಪದಿಂದ ಬಿಡುಗಡೆಯಲ್ಲ, ಸುದ್ದಿಯಿಂದ ಬಿಡುಗಡೆ.

ದಾವೀದನ ಅಪರಾಧ ಸೌಲನಿಗಿಂತ ಭೀಕರವಾದದ್ದು, ವ್ಯಭಿಚಾರ ಮತ್ತು ಕೊಲೆ. ತಪ್ಪನ್ನು ಎತ್ತಿ ತೋರಿಸಲು ಬಂದ ಪ್ರವಾದಿ ನಾತಾನನ ಮುಂದೆ ಆತ ಹೇಳಿದ್ದು ಇಬ್ರಿಯದಲ್ಲಿ ಎರಡೇ ಪದ, “ಯೆಹೋವನಿಗೆ ವಿರುದ್ಧವಾಗಿ ಪಾಪಮಾಡಿದ್ದೇನೆ” ಎಂಬಷ್ಟು. ‘ಆದರೂ’ ಇಲ್ಲ, ‘ಜನರು’ ಇಲ್ಲ. ಬೇರೆಯವರ ಮುಂದೆ ತೋರಿಕೆಗೆ ನಿಲ್ಲಿಸು ಎಂಬ ಬೇಡಿಕೆಯೂ ಇಲ್ಲ.

51ನೇ ಕೀರ್ತನೆ ಆ ಎರಡು ಪದಗಳ ವಿಸ್ತಾರ. ಅದರ ಮೊದಲೆರಡು ವಚನಗಳಲ್ಲಿ ಪಾಪಕ್ಕೆ ಮೂರು ಇಬ್ರಿಯ ಪದಗಳಿವೆ. ಒಂದು ದಂಗೆ, ಒಡೆಯನ ವಿರುದ್ಧ ತಿರುಗಿಬೀಳುವುದು. ಒಂದು ಸೊಟ್ಟ, ನೆಟ್ಟಗಿರಬೇಕಾದದ್ದು ಬಾಗಿಹೋಗಿರುವುದು. ಮೂರನೆಯದು ಗುರಿ ತಪ್ಪುವುದು. ನ್ಯಾಯಸ್ಥಾಪಕರು 20:16ರಲ್ಲಿ ಕೂದಲೆಳೆಗೂ ಗುರಿತಪ್ಪದೆ ಕವಣೆ ಬೀಸುವ 700 ಮಂದಿ ಎಡಗೈಯವರು ಬರುತ್ತಾರಲ್ಲ, ಆ ‘ತಪ್ಪು’ ಇದೇ ಪದ. ನಮ್ಮ ‘ತಪ್ಪು’ ಕೂಡ ಹಾಗೇ, ದಾರಿ ತಪ್ಪು, ಗುರಿ ತಪ್ಪು. ಇನ್ನು ಶುದ್ಧಿ ಬೇಡುವ ಪದಗಳು. ‘ತೊಳೆ’ ಎಂದು ನಾವು ಓದುವ ಕಡೆ ಇಬ್ರಿಯದಲ್ಲಿರುವುದು ಕೈಕಾಲು ಮುಖ ತೊಳೆಯುವ ಪದವಲ್ಲ. ಅದಕ್ಕೆ ಬೇರೆ ಪದವಿದೆ. ಇದು ಬಟ್ಟೆ ಒಗೆಯುವ ಪದ. ಕಾಲಲ್ಲಿ ತುಳಿದು, ಬಡಿದು, ಕ್ಷಾರ ಹಾಕಿ ಕೊಳೆ ಬಿಡಿಸುವ ಮಡಿವಾಳರ ಕೆಲಸ. ಕನ್ನಡಕ್ಕೆ ‘ಒಗೆ’ ಎಂಬ ಪದ ಇರುವಾಗ ಅದನ್ನು ನೆನೆದು ಓದುವುದು ಒಳ್ಳೆಯದು: ದೇವರೇ, ನನ್ನನ್ನು ಒಗೆ. ನೀರು ಚಿಮುಕಿಸಿ ಇಸ್ತ್ರಿ ಹಾಕು ಎಂದು ಆತ ಕೇಳಲಿಲ್ಲ.

ಆ ಕೀರ್ತನೆಯ 4ನೇ ವಚನವನ್ನು, “ನಿನಗೇ ತಪ್ಪುಮಾಡಿದ್ದೇನೆ” ಎಂಬುದನ್ನು, ದುರುಪಯೋಗ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದೇವರ ಹತ್ತಿರ ಸರಿಮಾಡಿಕೊಂಡಿದ್ದೇನೆ, ಮನುಷ್ಯರು ಕೇಳುವ ಹಾಗಿಲ್ಲ ಎನ್ನುತ್ತಾರೆ. ದಾವೀದ ತಾನು ಕೊಲ್ಲಿಸಿದ ಊರೀಯನ ಹತ್ತಿರ ಹೋಗಿ ಕ್ಷಮೆ ಕೇಳುವಂತಿರಲಿಲ್ಲ, ಊರೀಯ ಸತ್ತಿದ್ದ. ನಿಮ್ಮ ಊರೀಯ ಬದುಕಿದ್ದರೆ ಆತನ ಮನೆಗೆ ನೀವು ಹೋಗಬೇಕು. ಹಾಗೆಯೇ, ಹೊಡೆತ ತಿಂದವರು ಬಾಯಿಬಿಟ್ಟಾಗ “ನೀನೂ ಪಾಪಿಯೇ ಅಲ್ಲವೆ” ಎಂದು ಸುಮ್ಮನಿರಿಸುವುದು ಸುವಾರ್ತೆಯಲ್ಲ. ನಾತಾನ ಹೋದದ್ದು ಅರಮನೆಗೆ.

ಇದುವರೆಗೆ ಒಪ್ಪಿಕೊಳ್ಳದವರ ಮಾತಾಯಿತು. ಒಪ್ಪಿಕೊಂಡು ಅಲ್ಲೇ ಸಿಕ್ಕಿಹಾಕಿಕೊಳ್ಳುವವರೂ ಇದ್ದಾರೆ. ಯೂದ 30 ಬೆಳ್ಳಿ ನಾಣ್ಯ ಹಿಂದಕ್ಕೆ ಎಸೆದ, ತಪ್ಪನ್ನು ಹೆಸರಿಟ್ಟು ಹೇಳಿದ, ನಿರಪರಾಧಿಯನ್ನು ಹಿಡುಕೊಟ್ಟೆ ಎಂದ. ವ್ಯಾಕರಣ ಸರಿಯಾಗಿತ್ತು. ಆತ ಹೇಳಿದ್ದು ಯಾಜಕರ ಹತ್ತಿರ, ಅವರು ‘ಅದು ನಮಗೇನು, ನೀನೇ ನೋಡಿಕೋ’ ಎಂದರು. ಮೂರು ಸಲ ಅಲ್ಲಗಳೆದ ಪೇತ್ರನೂ ಅತ್ತ, ಆದರೆ ಉಳಿದವರ ಜೊತೆಯಲ್ಲಿ ಉಳಿದ. ದೋಣಿಯಲ್ಲಿದ್ದಾಗ ದಡದಲ್ಲಿ ನಿಂತಿರುವುದು ಕರ್ತನು ಎಂದು ತಿಳಿದ ಕೂಡಲೇ ನೀರಿಗೆ ಧುಮುಕಿದ. ತಪ್ಪಿನ ಭಾರ ಇಬ್ಬರಿಗೂ ಇತ್ತು, ಒಬ್ಬ ಅದನ್ನು ತೆಗೆದುಕೊಂಡು ಹೋಗಬೇಕಾದ ಕಡೆಗೆ ಹೋದ.

ಸೂಕ್ಷ್ಮ ಮನಸ್ಸಿನವರಿಗೆ ಮಾರ್ಟಿನ್ ಲೂಥರ್‌ನ ಮೊದಲ ವರ್ಷಗಳನ್ನು ನೆನಪಿಸುತ್ತೇನೆ. 1505ರಲ್ಲಿ ಎರ್‌ಫರ್ಟಿನ ಮಠ ಸೇರಿದ ಆತ ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದ. ಮುಗಿಸಿ ಹೊರಟರೆ ಇನ್ನೊಂದು ನೆನಪಾಗುತ್ತಿತ್ತು. ಆತನ ಗುರು ಸ್ಟಾಪಿಟ್ಸ್ ಬೇಸತ್ತು, ನಿಜವಾದ ಪಾಪ ಇದ್ದರೆ ತೆಗೆದುಕೊಂಡು ಬಾ, ಇಂಥ ಚಿಲ್ಲರೆಯನ್ನಲ್ಲ, ಎಂಬರ್ಥದ ಮಾತು ಹೇಳಿದ. ಎಡವಟ್ಟು ಎಲ್ಲಿ? ಪಟ್ಟಿ ಪೂರ್ತಿಯಾದರೆ ಕ್ಷಮೆ ಸಿಗುತ್ತದೆ ಎಂದುಕೊಂಡರೆ ಪಟ್ಟಿಯೇ ರಕ್ಷಕನಾಗುತ್ತದೆ. ನಲವತ್ತು ವರ್ಷ ಕಳೆದು, 1546ರ ಫೆಬ್ರವರಿಯಲ್ಲಿ ಆತ ಸಾಯುವ ಮುನ್ನ ಬರೆದಿಟ್ಟ ಕೊನೆಯ ಚೀಟಿಯ ಅಂತ್ಯದಲ್ಲಿ ಪಟ್ಟಿ ಇರಲಿಲ್ಲ. “ನಾವು ಭಿಕ್ಷುಕರು” ಎಂದು ಜರ್ಮನ್ನಿನಲ್ಲಿ, “ಇದು ನಿಜ” ಎಂದು ಲ್ಯಾಟಿನ್ನಿನಲ್ಲಿ. “ಆತ್ಮದಲ್ಲಿ ಬಡವರು ಧನ್ಯರು” ಎಂಬಲ್ಲಿ ಇರುವ ಗ್ರೀಕ್ ಪದವೂ ದುಡಿದು ತಿನ್ನುವ ಬಡವನದಲ್ಲ, ಕೈಚಾಚಿ ಕೂತವನದು. ಯಾರಿಗಾದರೂ ತಪ್ಪಿನ ಭಾವ ಹಗಲೂ ರಾತ್ರಿ ಬಿಡದೆ, ನಿದ್ರೆ ಊಟ ಕೆಟ್ಟು, ಬದುಕೇ ಬೇಡ ಅನ್ನಿಸುತ್ತಿದ್ದರೆ, ಪಾಸ್ಟರರ ಜೊತೆಗೆ ಮನೋವೈದ್ಯರನ್ನೂ ಕಾಣಿ. ಇದರಲ್ಲಿ ನಂಬಿಕೆಯ ಕೊರತೆ ಏನೂ ಇಲ್ಲ.

ಹಾಗಾದರೆ ಮಾಡುವುದು ಹೇಗೆ? ಕೇಳಿದವರಿಗೆ ನಾನು ಹೇಳುವ ಕ್ರಮ ಹೀಗಿದೆ. ವಾರಕ್ಕೊಮ್ಮೆ, ಶನಿವಾರ ರಾತ್ರಿ, 20 ನಿಮಿಷ. ಹೆಚ್ಚು ಬೇಡ, ಹೆಚ್ಚಾದರೆ ಲೂಥರನ ದಾರಿ ಹಿಡಿಯುತ್ತೀರಿ. ಫೋನು ಬೇರೆ ಕೋಣೆಯಲ್ಲಿರಲಿ. ಮೊದಲು ಲೂಕ 15 ಅಥವಾ 103ನೇ ಕೀರ್ತನೆ ಓದಿ, ಯಾರ ಮುಂದೆ ಕೂತಿದ್ದೇವೆ ಎಂಬುದು ಗೊತ್ತಾಗಲಿ. ಕತ್ತಲಲ್ಲಿ ಗಾಯ ತಡಕಬಾರದು. ಆಮೇಲೆ ಹತ್ತು ಆಜ್ಞೆಗಳನ್ನು ಮತ್ತಾಯ 5ರ ಬೆಳಕಿನಲ್ಲಿ ಒಂದೊಂದಾಗಿ ತೆಗೆದುಕೊಂಡು, ಕಳೆದ ಏಳು ದಿನದ ಮಟ್ಟಿಗೆ ಮಾತ್ರ ಯೋಚಿಸಿ. ಎರಡು ಅಥವಾ ಮೂರು ವಾಕ್ಯ ಬರೆಯಿರಿ. ಪ್ರತಿ ವಾಕ್ಯವೂ ‘ನಾನು’ ಎಂದು ಶುರುವಾಗಿ ‘ಎನು’ ಅಥವಾ ‘ಎ’ಕಾರದ ಕ್ರಿಯಾಪದದಲ್ಲಿ ಮುಗಿಯಲಿ: ಮಾಡಿದೆ, ಹೇಳಿದೆ, ಮುಚ್ಚಿಟ್ಟೆನು. ಯಾರಿಗೆ ಎಂಬುದು ಇರಲಿ. ‘ಆದರೆ’, ‘ಏಕೆಂದರೆ’ ಬಂದ ಕಡೆ ಅಡ್ಡಗೆರೆ ಎಳೆಯಿರಿ. “ನನ್ನಲ್ಲಿ ಸಿಟ್ಟು ಜಾಸ್ತಿ” ಎಂಬುದು ಪಾಪದ ಅರಿಕೆಯಲ್ಲ, ಜಾತಕ ಹೇಳಿದ ಹಾಗೆ. “ನಾನು ಮಂಗಳವಾರ ಮಗಳ ಗೆಳತಿಯರ ಮುಂದೆ ಆಕೆಯನ್ನು ದಡ್ಡಿ ಎಂದೆ” ಎಂಬುದು ಅರಿಕೆ. “ನಾನು ತಮ್ಮನಿಗೆ ತೋರಿಸದೆ ಅಪ್ಪನ ಜಮೀನಿನ ಪಹಣಿಯನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ” ಎಂಬುದು ಅರಿಕೆ. 1 ಯೋಹಾನ 1:9ರಲ್ಲಿ ‘ಒಪ್ಪಿಕೊಂಡು ಅರಿಕೆಮಾಡಿದರೆ’ ಎಂದಿರುವ ಕಡೆಯ ಗ್ರೀಕ್ ಪದಕ್ಕೆ ‘ಅದೇ ಮಾತನ್ನು ಹೇಳುವುದು’ ಎಂದರ್ಥ. ದೇವರು ಆ ಕೆಲಸವನ್ನು ಏನೆಂದು ಕರೆಯುತ್ತಾನೋ ನಾವೂ ಅದನ್ನೇ ಕರೆಯುವುದು. ನಮ್ಮ ‘ಒಪ್ಪು’ ಆ ಪದದ ಪಕ್ಕದಲ್ಲೇ ಕೂರುತ್ತದೆ.

ಬರೆದದ್ದನ್ನು ಓದಿ, ಸುಂಕದವನ ಆರು ಪದ ಹೇಳಿ. 1 ಯೋಹಾನದ ಆ ಒಂಬತ್ತನೇ ವಚನವನ್ನು ಗಟ್ಟಿಯಾಗಿ ಓದಿ. ಚೀಟಿ ಹರಿದುಹಾಕಿ. ಮುಂದಿನ ಶನಿವಾರ ಅದನ್ನೇ ಹೊರತೆಗೆಯುವುದು ಬೇಡ.

ಆಮೇಲೆ ಲೆಕ್ಕ ತೀರಿಸುವ ಭಾಗ. ಅರಣ್ಯಕಾಂಡ 5:7ರ ಪ್ರಕಾರ ತಾನಾಗಿ ಒಪ್ಪಿಕೊಂಡವನು ಮೂಲಧನದ ಜೊತೆ ಐದನೆಯ ಒಂದು ಪಾಲು ಸೇರಿಸಿ ಹಿಂದಿರುಗಿಸಬೇಕು. 10,000 ರೂಪಾಯಿ ತಿಂದಿದ್ದರೆ 12,000. ಕುರಿ ಕದ್ದು ಕಡಿದವನಿಗೆ ಅಥವಾ ಮಾರಿದವನಿಗೆ ನಾಲ್ಕರಷ್ಟು. ಜಕ್ಕಾಯ ತನಗೆ ತಾನೇ ವಿಧಿಸಿಕೊಂಡದ್ದು ಆ ಎರಡನೆಯ ಲೆಕ್ಕ, 10,000ಕ್ಕೆ 40,000, ಅದಕ್ಕೂ ಮುಂಚೆ ಆಸ್ತಿಯಲ್ಲಿ ಅರ್ಧ ಬಡವರಿಗೆ. ಬಡವನ ಕುರಿಮರಿಯನ್ನು ಕಿತ್ತುಕೊಂಡ ಧನಿಕನ ಕಥೆಯನ್ನು ನಾತಾನನಿಂದ ಕೇಳಿದಾಗ ದಾವೀದನೂ ನಾಲ್ಕರಷ್ಟು ಎಂದೇ ತೀರ್ಪು ಕೊಟ್ಟಿದ್ದ, ಅದು ತನ್ನದೇ ಕಥೆ ಎಂದು ತಿಳಿಯದೆ. ಜಕ್ಕಾಯನ ಕಥೆಯಲ್ಲಿ ಕ್ರಮ ಗಮನಿಸಿ. ಯೇಸು ಮರದ ಕೆಳಗೆ ನಿಂತು, ಈಹೊತ್ತು ನಿನ್ನ ಮನೆಯಲ್ಲಿ ಇಳುಕೊಳ್ಳಬೇಕು ಎಂದದ್ದು ಮೊದಲು. ಹಣದ ಮಾತು ಬಂದದ್ದು ಆಮೇಲೆ. ಹಣವನ್ನು ಮೊದಲು ಇಟ್ಟರೆ ಅದು ಬಾಗಿಲ ಟಿಕೆಟ್ಟಾಗುತ್ತದೆ. ಇಡದೇ ಹೋದರೆ ನಮ್ಮ ಒಪ್ಪಿಗೆ ಬರೀ ಬಾಯಿಮಾತು ಎಂದು ಜಕ್ಕಾಯನ ಊರಾದ ಯೆರಿಕೋವಿನ ಜನ ಅಂದುಕೊಂಡರೆ ಅವರದು ತಪ್ಪಲ್ಲ.

ಕೊನೆಯದಾಗಿ ಕರ್ತನ ಭೋಜನದ ವಿಷಯ. ನಮ್ಮ ಆರಾಧನಾ ಕ್ರಮದಲ್ಲಿ ಪಾಪದ ಅರಿಕೆಗೆ ಮುಂಚೆ ಒಂದು ಮೌನ ಇರುತ್ತದೆ. ಹೆಚ್ಚಿನ ಕಡೆ ಅದು ಹತ್ತು ಹದಿನೈದು ಸೆಕೆಂಡಿಗೆ ಮುಗಿದುಹೋಗುತ್ತದೆ, ಅಷ್ಟರಲ್ಲಿ ಯೋಚನೆ ಶುರುಮಾಡಿದರೆ ಏನೂ ನೆನಪಾಗುವುದಿಲ್ಲ. ಶನಿವಾರದ ಎರಡು ವಾಕ್ಯ ಇದ್ದರೆ ಆ ಹತ್ತು ಸೆಕೆಂಡು ಸಾಕು. ಇನ್ನೊಂದು ವಾಡಿಕೆ ಇದೆ: ಮನಸ್ಸಿಗೆ ಏನೋ ಚುಚ್ಚಿದ ವಾರ ಜನ ಮೇಜಿನ ಹತ್ತಿರ ಹೋಗುವುದಿಲ್ಲ, ಹಿಂದಿನ ಬೆಂಚಿನಲ್ಲೇ ಕೂತುಬಿಡುತ್ತಾರೆ. ಅಯೋಗ್ಯವಾಗಿ ತಿನ್ನಬಾರದು ಎಂದು ಪೌಲ ಬರೆದಿದ್ದಾನಲ್ಲ ಎನ್ನುತ್ತಾರೆ. ಯಾರ ಹತ್ತಿರವೋ ಹೋಗಿ ಸರಿಮಾಡಿಕೊಳ್ಳಬೇಕಿದ್ದರೆ ಹೋಗಿ ಬನ್ನಿ, ಮತ್ತಾಯ 5:24 ಅದನ್ನೇ ಹೇಳುತ್ತದೆ, ಅಲ್ಲೂ ‘ಆಮೇಲೆ ಬಂದು’ ಎಂದಿದೆ. 1 ಕೊರಿಂಥ 11:28 ಪೂರ್ತಿ ಓದಿ. ಪ್ರತಿಯೊಬ್ಬನು ತನ್ನನ್ನು ಪರೀಕ್ಷಿಸಿಕೊಳ್ಳಲಿ, ಎಂಬಲ್ಲಿಗೆ ವಾಕ್ಯ ನಿಲ್ಲುವುದಿಲ್ಲ. ಪರೀಕ್ಷಿಸಿಕೊಂಡು ಆ ರೊಟ್ಟಿಯನ್ನು ತಿನ್ನಲಿ, ಆ ಪಾತ್ರೆಯಲ್ಲಿ ಕುಡಿಯಲಿ, ಎಂದಿದೆ.